ಕೆಂಚಿಯ ಹೊಟ್ಟೆಯೊಳಗಿನ ಗೆರೆ

"ಕರು ಕೈಗೆ ಸಿಗ್ತಿದೆ, ಆದ್ರೆ ಮಿಸುಕ್ತಾ ಇಲ್ಲಮ್ಮ," ಎಂದರು ಡಾಕ್ಟರ್ ವಿಜಯ್ ಕುಮಾರ್, ಭುಜದವರೆಗೆ ತೊಟ್ಟಿದ್ದ ಪ್ಲಾಸ್ಟಿಕ್ ಗ್ಲೌಸ್ ಕಳಚುತ್ತಾ. ದ್ರೌಪದಮ್ಮ ಹಸು ಕೆಂಚಿಯ ಕೊರಳ ಹಗ್ಗ ಹಿಡಿದು ನಿಂತಿದ್ದರು. ಅವರ ಸೊಸೆ ಶಿಲ್ಪ ಬಿಸಿನೀರಿನ ಬಕೆಟ್ಟು, ಸೋಪು ಹಿಡಿದು ನಿಂತಿದ್ದಳು.

ಕೆಂಚಿ ಬಿದ್ದು ಎರಡು ದಿನವಾಗಿತ್ತು. ತಣಿಸಂದ್ರದಲ್ಲಿ ಇವರ ಮನೆ ಇರುವುದು ಹಳೇ ಊರಿನ ಗಲ್ಲಿಯಲ್ಲಿ, ಆದರೆ ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದು ನಿಂತು, ಮೇವಿಗೆ ಹೊರಟ ಹಸು ಕಾರುಗಳ ಜೊತೆ ಸರದಿಯಲ್ಲಿ ನಿಲ್ಲಬೇಕಾದ ಕಾಲ ಬಂದಿತ್ತು. ಅಂಥದ್ದೊಂದು ಅಪಾರ್ಟ್‌ಮೆಂಟಿನವರು ಗೇಟಿನ ಮುಂದಿನ ಇಳಿಜಾರಿಗೆ ಹೊಳೆಯುವ ಟೈಲ್ಸ್ ಹಾಕಿಸಿದ್ದರು. ಗಾಡಿ ಜಾರದಿರಲಿ ಎಂದು ಗೀರು ಗೀರಾದ ಕಲ್ಲು ಹಾಕಿಸುವುದು ಲೋಕರೂಢಿ, ಆದರೆ ಕಾಸು ಹೆಚ್ಚಾದವರಿಗೆ ಹೊಳಪೇ ಬೇಕು. ಇನ್ನೂ ದಿನ ತುಂಬದ ಬಸುರಿ ಕೆಂಚಿ ಅದರ ಮೇಲೆ ಕಾಲಿಟ್ಟು, ಪಕ್ಕೆ ಕೊಟ್ಟು ದೊಪ್ಪೆಂದು ಬಿದ್ದಿದ್ದಳು. ಅವಳೇನೋ ಎದ್ದು ನಿಂತಳು. ಹೊಟ್ಟೆಯೊಳಗಿನ ಮಿಸುಕಾಟ ಮಾತ್ರ ಅಂದೇ ನಿಂತಿತ್ತು.

"ನಿದ್ದೆ ಮಾಡ್ತಿರ್ಬಹುದು," ಡಾಕ್ಟರು ಕೈ ತೊಳೆಯುತ್ತಾ ಮುಂದುವರಿಸಿದರು. "ಸತ್ತೂ ಇರ್ಬಹುದು. ಸತ್ತಿದ್ರೆ ಒಳಗೆ ಬಿಡೋ ಹಾಗಿಲ್ಲ, ಹಸುವಿಗೇ ನಂಜಾಗತ್ತೆ. ಸಂಜೆ ಇಂಜೆಕ್ಷನ್ ತರ್ತೀನಿ, ಕರು ಹಾಕಿಸಿಬಿಡೋಣ."

"ಬದುಕಿದ್ರೆ ಸಾರ್?" ಶಿಲ್ಪ ಕೇಳಿದಳು.

"ಬದುಕಿದ್ದಾಗ ನಾನು ಇಂಜೆಕ್ಷನ್ ಕೊಟ್ರೆ, ಇಷ್ಟು ಬೇಗ ಆಚೆ ಬಂದ ಕರು ಉಳಿಯಲ್ಲ. ಅದೇ ಸಂಕಟ. ಸ್ಕ್ಯಾನಿಂಗ್ ಮಷಿನ್ ಕ್ಯಾಂಪಿಗೆ ಹೋಗಿದೆ, ಬರೋದು ವಾರ ಆಗತ್ತೆ. ಅಲ್ಲೀವರೆಗೆ ಕಾಯೋಕೆ ನಂಗೆ ಧೈರ್ಯ ಇಲ್ಲ."

ದ್ರೌಪದಮ್ಮ ಹಸುವಿನ ಗಂಗೆದೊಗಲಿಗೆ ಕೆನ್ನೆಯಿಟ್ಟು, "ಅಯ್ಯೋ ನನ್ ಮಗಳೇ," ಎಂದು ಬಿಕ್ಕಿದರು. ಶಿಲ್ಪಳ ಬಾಯಿಂದ ಯೋಚಿಸುವ ಮೊದಲೇ ಮಾತು ಹೊರಬಿತ್ತು: "ಸಾರ್, ಕರೂದು ಗುಂಡಿಗೆ ಬಡಿತ ತೋರಿಸಿದ್ರೆ?"

ಡಾಕ್ಟರು ತಲೆಯೆತ್ತಿ ನೋಡಿದರು. ಶಿಲ್ಪ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಆರ್.ಟಿ. ನಗರ, ಹೆಬ್ಬಾಳದ ನರ್ಸಿಂಗ್ ಹೋಮುಗಳ ಇಸಿಜಿ ಯಂತ್ರಗಳು ಕೆಟ್ಟರೆ ಬರುವುದು ಇವಳ ಮೇಜಿಗೆ. ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ಆ ಮೇಜು. ಗೋಡೆಯ ಆಚೆ ಕೆಂಚಿ ಮೆಲುಕು ಹಾಕುತ್ತಿದ್ದರೆ ಈಚೆ ಇವಳ ಬೆಸುಗೆ ಕಡ್ಡಿ ಹೊಗೆಯಾಡುತ್ತಿರುತ್ತದೆ. ಮನುಷ್ಯರ ಗುಂಡಿಗೆಯ ಗೆರೆ ತೆಗೆಯುವ ಪೆಟ್ಟಿಗೆಯನ್ನು ದಿನಾ ಬಿಚ್ಚಿ ಕಟ್ಟುವವಳಿಗೆ ಹಸುವಿನ ಗೆರೆ ಯಾಕೆ ಬಾರದು ಎನ್ನಿಸಿದರೆ ತಪ್ಪೇನಿಲ್ಲ.

"ಪುಸ್ತಕದಲ್ಲಿ ಓದಿದೀನಿ," ಎಂದರು ಡಾಕ್ಟರು. "ತಾಯಿ ಬಡಿತದ ದೊಡ್ಡ ಗೆರೆಗಳ ಮಧ್ಯೆ ಕರೂದು ಸಣ್ಣದಾಗಿ, ಜೋರಾಗಿ ಓಡ್ತಾ ಇರತ್ತಂತೆ. ಯಾರೂ ಮಾಡಿದ್ದು ನೋಡಿಲ್ಲ. ಮಾಡ್ತೀರಾ?"

"ಮಾಡ್ತೀನಿ ಸಾರ್."

"ಹಾಗಾದ್ರೆ ಕೇಳಿ. ನಾನು ಇವತ್ತೆಲ್ಲ ಹೆಸರಘಟ್ಟದಲ್ಲಿ ಟ್ರೈನಿಂಗಲ್ಲಿರ್ತೀನಿ. ಅಲ್ಲಿ ದೊಡ್ಡ ಕಂಪ್ಯೂಟರ್ ಇದೆ, ಮೇಲ್ ಮಾಡಿ. ಮೊಬೈಲಲ್ಲಿ ಫೋಟೋ ಹೊಡೆದು ಕಳಿಸ್ಬೇಡಿ. ಹೋದ್ಸಲ ಕೆಚ್ಚಲು ಬಾವು ಅಂತ ಕಳಿಸಿದ್ರಲ್ಲ, ನಿಮ್ಮನೆ ಟ್ಯೂಬ್‌ಲೈಟ್ ಬಿಟ್ಟು ಇನ್ನೇನೂ ಕಾಣ್ಲಿಲ್ಲ. ನಾಲ್ಕು ಗಂಟೆಗೆ ಅಲ್ಲಿಂದ ಹೊರಟುಬಿಡ್ತೀನಿ. ಅಷ್ಟರೊಳಗೆ ಏನೂ ಬರಲಿಲ್ಲ ಅಂದ್ರೆ ಇಂಜೆಕ್ಷನ್ ತಗೊಂಡೇ ಬರೋದು."

ಅವರ ಬೈಕಿನ ಸದ್ದು ಗಲ್ಲಿ ದಾಟುವ ಮೊದಲೇ ಶಿಲ್ಪ ಸೆರಗು ಸಿಕ್ಕಿಸಿಕೊಂಡಿದ್ದಳು.

ಕೆಂಚಿಯ ಹೊಟ್ಟೆಯ ಎರಡೂ ಬದಿಗೆ ಅಂಗೈಯಗಲ ಕೂದಲು ಕತ್ತರಿಸಿದ್ದಾಯಿತು. ಉಪ್ಪುನೀರಲ್ಲಿ ಅದ್ದಿದ ಬಟ್ಟೆ, ಅದರ ಮೇಲೆ ಇಸಿಜಿಯ ಲೋಹದ ಬಿಲ್ಲೆ, ಅದು ಜಾರದಂತೆ ದ್ರೌಪದಮ್ಮನ ಹಳೇ ನೂಲಿನ ಸೀರೆ ಹೊಟ್ಟೆಯ ಸುತ್ತ ಬಿಗಿದು ಗಂಟು. ಬಿಲ್ಲೆಗಳ ವೈರುಗಳು ಕಿಟಕಿಯ ಮೂಲಕ ಒಳಗೆ ಬಂದು, ಬಡಿತವನ್ನು ದೊಡ್ಡದು ಮಾಡುವ ಪೆಟ್ಟಿಗೆಗೆ ಸೇರಿದವು. ಪೆಟ್ಟಿಗೆಯಿಂದ ಇನ್ನೊಂದು ವೈರು ಸ್ಕೋಪಿಗೆ. ಸ್ಕೋಪ್ ಎಂದರೆ ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ, ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ. ಬೇಕಾದಾಗ ಗುಂಡಿ ಒತ್ತಿದರೆ ಪರದೆಯ ಚಿತ್ರವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಕೇಬಲ್ ಸಿಕ್ಕಿಸಿದರೆ ಆ ಚಿತ್ರವನ್ನು ಕಂಪ್ಯೂಟರಿಗೆ ಕೊಡುತ್ತದೆ. ಕೊಡಬೇಕು. ಶಿಲ್ಪ ಅದನ್ನು ಇಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ಕಣ್ಣಲ್ಲಿ ನೋಡಿ ರಿಪೇರಿ ಮಾಡುವವಳಿಗೆ ಚಿತ್ರ ಯಾತಕ್ಕೆ?

"ಅತ್ತೆ, ಅವಳು ಅಲುಗಾಡ್ದಂಗೆ ನೋಡ್ಕೊಳ್ಳಿ. ಮೆಲುಕು ಹಾಕಿದ್ರೂ ಗೆರೆ ಕುಣಿಯುತ್ತೆ."

"ಅಸ ಮೆಲುಕ್ ಆಕ್ದೆ ಇನ್ನೇನ್ ಮಾಡ್ತದಮ್ಮಿ," ಎಂದರು ದ್ರೌಪದಮ್ಮ ಕಿಟಕಿಯ ಆಚೆಯಿಂದ. ಆದರೂ ಗಂಗೆದೊಗಲು ನೀವುತ್ತಾ ಅದೇನೋ ಪಿಸುಗುಟ್ಟಿದರು. ಕೆಂಚಿ ನಿಂತಲ್ಲೇ ಕಣ್ಣು ಅರೆಮುಚ್ಚಿದಳು.

ಶಿಲ್ಪ ಪೆಟ್ಟಿಗೆಯ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದಳು. ಪರದೆಯ ತುಂಬ ಹುಲ್ಲು! ಒಂದು ಗೆರೆ ಬರಬೇಕಾದ ಕಡೆ ಒತ್ತೊತ್ತಾಗಿ ಎದ್ದ ಹಸಿರು ಮುಳ್ಳುಗಳು. ಹಸುವಿನ ಬಡಿತ ಎಲ್ಲಿದೆಯೋ, ಇದೆಯೋ ಇಲ್ಲವೋ, ದೇವರಿಗೇ ಗೊತ್ತು. ಇದು ಅಡಾಪ್ಟರಿನ ಗದ್ದಲ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಮನೆಯ ಕರೆಂಟನ್ನು ಕತ್ತರಿಸಿ ಕತ್ತರಿಸಿ ಸಣ್ಣದು ಮಾಡುವ ಈ ಅಗ್ಗದ ಅಡಾಪ್ಟರುಗಳು ಕೆಲಸಕ್ಕಿಂತ ಕೂಗಾಟವನ್ನೇ ಹೆಚ್ಚು ಮಾಡುತ್ತವೆ. ಮನುಷ್ಯರ ಎದೆಯ ಬಡಿತ ಜೋರಾಗಿರುವುದರಿಂದ ಈ ಕೂಗಾಟ ಅಷ್ಟಾಗಿ ಕಾಣುವುದಿಲ್ಲ. ಇಲ್ಲಿ ಹುಡುಕುತ್ತಿರುವುದು ಹಸುವಿನ ಚರ್ಮ, ಕೊಬ್ಬು, ಗರ್ಭದ ನೀರು ಎಲ್ಲ ದಾಟಿ ಬರುವ ಒಂದು ಕರುವಿನ ಬಡಿತವನ್ನು.

ಶಿಲ್ಪ ಕೆಲಸಕ್ಕಿಳಿದಳು. ಹಳೆಯ ಮಾನಿಟರಿನ ಕೇಬಲ್ಲಿನಿಂದ ಗದ್ದಲ ಹೀರುವ ಕಪ್ಪು ಉಂಗುರ ಬಿಡಿಸಿ, ಅಡಾಪ್ಟರಿನ ವೈರನ್ನು ಅದರೊಳಗೆ ಹಲವು ಸುತ್ತು ಸುತ್ತಿದಳು. ಹುಲ್ಲು ಸ್ವಲ್ಪ ಕುಳ್ಳಗಾಯಿತು. ಹೊಟ್ಟೆಯಿಂದ ಬರುವ ವೈರುಗಳನ್ನು ಜಡೆ ಹೆಣೆದ ಹಾಗೆ ಹೆಣೆದಳು. ಇನ್ನಷ್ಟು ಕುಳ್ಳಗಾಯಿತು. ಫ್ರಿಜ್ಜು ಆರಿಸಿದಳು, ಫ್ಯಾನು ಆರಿಸಿದಳು, ಡಾಕ್ಟರಿಗೆ ಹಿಂದೆ ತೊಂದರೆ ಕೊಟ್ಟಿದ್ದ ಟ್ಯೂಬ್‌ಲೈಟನ್ನೂ ಆರಿಸಿದಳು. ಕೊನೆಗೆ ಪಿತ್ತ ನೆತ್ತಿಗೇರಿ, ಕಂಪ್ಯೂಟರಿನ ಯುಪಿಎಸ್ ಬಿಚ್ಚಿ ಅದರ ಬ್ಯಾಟರಿಯನ್ನೇ ಹೊರಗೆಳೆದಳು. ಅಡಾಪ್ಟರ್ ಕಿತ್ತೆಸೆದು ಪೆಟ್ಟಿಗೆಗೆ ಬ್ಯಾಟರಿ ಜೋಡಿಸಿದಳು. ಬ್ಯಾಟರಿಗೆ ಗದ್ದಲವೇ ಗೊತ್ತಿಲ್ಲ. ಈಗ ಗೆರೆ ಕನ್ನಡಿಯ ಹಾಗೆ ಶುಭ್ರವಾಗಬೇಕಿತ್ತು.

ಆಗಲಿಲ್ಲ. ಹಸುವಿನ ದೊಡ್ಡ ಬಡಿತಗಳು ಅಲ್ಲೊಂದು ಇಲ್ಲೊಂದು ತಲೆಯೆತ್ತಿದವು, ಆದರೆ ಅವುಗಳ ನಡುವೆ ಹುಲ್ಲು ಹಾಗೇ ಇತ್ತು. ಪುಟ್ಟ ಬಡಿತ ಇದ್ದರೂ ಅದರಡಿ ಮುಚ್ಚಿಹೋಗುತ್ತಿತ್ತು. ಶಿಲ್ಪ ಮೇಜಿನ ಮೇಲೆ ಕೈಯೂರಿ ಯೋಚಿಸಿದಳು. ಇನ್ನೆಲ್ಲಿಂದ ಬರುತ್ತಿದೆ ಇದು? ಎಲ್ಲ ಆರಿಸಿಯಾಗಿದೆ, ಅಡಾಪ್ಟರ್ ಮೂಲೆಯಲ್ಲಿ ಬಿದ್ದಿದೆ. ಗಡಿಯಾರ ಮೂರು ದಾಟಿತ್ತು. ಕಿಟಕಿಯಾಚೆ ಅತ್ತೆ ಹಸುವಿನ ಜೊತೆ ಮಾತಾಡುವುದನ್ನೂ ನಿಲ್ಲಿಸಿ ಸುಮ್ಮನೆ ಇವಳ ಮುಖ ನೋಡುತ್ತಿದ್ದರು. ಆ ನೋಟವನ್ನು ಎದುರಿಸಲಾಗದೆ ಶಿಲ್ಪ ಪರದೆಯತ್ತ ತಿರುಗಿದಳು.

ಆಗ ಕರೆಂಟು ಹೋಯಿತು.

"ಇವ್ರ್ ಮನೆ ಹಾಳಾಗ," ಎಂದು ದ್ರೌಪದಮ್ಮ ಶುರು ಮಾಡಿದರು. ಶಿಲ್ಪ "ಶ್!" ಎಂದಳು. ಅತ್ತೆಗೆ ಅವಳು "ಶ್" ಎಂದದ್ದು ಮದುವೆಯಾದ ಮೇಲೆ ಇದೇ ಮೊದಲು. ಪರದೆಯ ಮೇಲಿನ ಹುಲ್ಲು ಯಾರೋ ಕುಡುಗೋಲು ಹಿಡಿದು ಕೊಯ್ದ ಹಾಗೆ ಒಮ್ಮೆಲೇ ಮಾಯವಾಗಿತ್ತು. ನುಣ್ಣನೆಯ ಗೆರೆ. ಅದರ ಮೇಲೆ ಟಕ್, ಟಕ್ ಎಂದು ಏಳುವ ಕೆಂಚಿಯ ಬಡಿತ.

ಕರೆಂಟಿನಿಂದ ನಡೆಯುತ್ತಿದ್ದದ್ದು ಇನ್ನೊಂದೇ ಒಂದು ವಸ್ತು: ಸ್ವತಃ ಸ್ಕೋಪು! ಅದರ ಒಳಗಿನ ಬ್ಯಾಟರಿ ದುರ್ಬಲವಾಗಿ ಎಷ್ಟೋ ತಿಂಗಳಾಗಿತ್ತು. ಚಾರ್ಜರನ್ನು ಅಂದು ಚುಚ್ಚಿದವಳು ಮತ್ತೆ ಕಿತ್ತಿರಲಿಲ್ಲ. ಮೂಗಿನ ಮೇಲಿನ ನತ್ತಿನ ಹಾಗೆ ಅದು ಅಲ್ಲೇ ಇದ್ದು ಇದ್ದು ಅವಳ ಕಣ್ಣಿಗೆ ಬೀಳುವುದೇ ನಿಂತಿತ್ತು. ಗದ್ದಲ ಹಿಡಿಯಲು ಕೂರಿಸಿದ ಕಾವಲುಗಾರನೇ ಗದ್ದಲ ಮಾಡುತ್ತಿದ್ದ. ಅವಳಿಗೆ ತನ್ನ ಮೇಲೆ ನಗುವೂ ಬಂತು, ಸಿಟ್ಟೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಪರದೆಯ ಮೂಲೆಯ ಬ್ಯಾಟರಿ ಚಿಹ್ನೆ ಆಗಲೇ ಕೆಂಪಗೆ ಮಿಟುಕುತ್ತಿತ್ತು.

"ಅತ್ತೆ, ಹಿಡ್ಕೊಳ್ಳಿ! ಗಟ್ಟಿಯಾಗ್ ಹಿಡ್ಕೊಳ್ಳಿ ಅವಳನ್ನ!"

ಸೇವ್ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಕೆಂಚಿ ಬಾಲ ಬೀಸಿದಳು, ಗೆರೆ ಒಮ್ಮೆ ನೆಗೆದು ಕುಳಿತಿತು. ಇನ್ನೊಮ್ಮೆ ಒತ್ತಿದಳು. ಅಷ್ಟರಲ್ಲಿ ಸ್ಕೋಪು ಕುಂಯ್ ಎಂದು ಕಪ್ಪಾಗಿ ಕುಳಿತಿತು.

ಚಿತ್ರಗಳು ಒಳಗೆ ಸಿಕ್ಕಿದ್ದವು. ಆದರೆ ಆ ಅಂಗೈಯಗಲದ ಪರದೆಯಲ್ಲಿ ಅವಳಿಗೆ ಕಂಡದ್ದು ತಾಯಿಯ ಬಡಿತವೊಂದೇ. ನಡುವೆ ಗೆರೆ ಅಲ್ಲಲ್ಲಿ ಸಣ್ಣಗೆ ಕದಲಿದಂತೆ ಅನ್ನಿಸಿದ್ದು ನಿಜವೋ, ಆಸೆಯೋ? ಅತ್ತೆ ಕಿಟಕಿಯ ಸರಳು ಹಿಡಿದು "ಸಿಕ್ತಾ?" ಎಂದಾಗ ಅವಳು "ನೋಡ್ಬೇಕು ಅತ್ತೆ" ಎಂದಷ್ಟೇ ಹೇಳಿದಳು.

ನೋಡಬೇಕೆಂದರೆ ಕಂಪ್ಯೂಟರ್ ಬೇಕು, ಕಂಪ್ಯೂಟರಿಗೆ ಕರೆಂಟು ಬೇಕು. ಬಂದ ದಾರಿಯಲ್ಲೇ ವಾಪಸ್. ಪೆಟ್ಟಿಗೆಯ ಬ್ಯಾಟರಿ ಕಳಚಿ ಯುಪಿಎಸ್ಸಿನ ಹೊಟ್ಟೆಗೆ ಸೇರಿಸಿದಳು. ಯುಪಿಎಸ್ ಕೀಂ ಕೀಂ ಎಂದು ಗೋಳಾಡುತ್ತಲೇ ಜೀವ ಹಿಡಿಯಿತು, ಕಂಪ್ಯೂಟರು ತನ್ನ ಎಂದಿನ ಗತ್ತಿನಲ್ಲಿ ನಿಧಾನಕ್ಕೆ ಕಣ್ಣು ಬಿಟ್ಟಿತು. ಹೊಸ ಮದುಮಗ ಸಿಂಗರಿಸಿಕೊಳ್ಳುವುದಕ್ಕೂ ಇಷ್ಟು ಹೊತ್ತು ಬೇಡ. ಯುಪಿಎಸ್ಸು ಎಷ್ಟು ಹೊತ್ತು ತಡೆದೀತು ಎಂಬುದು ಅದರ ದಯೆ. ಶಿಲ್ಪ ಸ್ಕೋಪಿನ ಚಾರ್ಜರ್ ಕಿತ್ತು, ಅದೇ ಕಿಂಡಿಗೆ ಯುಎಸ್‌ಬಿ ಕೇಬಲ್ ಚುಚ್ಚಿದಳು. ಸ್ಕೋಪಿನ ದೀಪ ಹತ್ತಿತು. ಕಂಪ್ಯೂಟರಿನಿಂದ ಅದಕ್ಕೆ ಕರೆಂಟು ಸಿಗುತ್ತಿದೆ. ಈಗ ಗದ್ದಲ ಬಂದರೂ ಚಿಂತೆಯಿಲ್ಲ, ಚಿತ್ರ ತೆಗೆದಾಗಿದೆ.

ಆದರೆ ಕಂಪ್ಯೂಟರಿಗೆ ಸ್ಕೋಪು ಕಾಣಲಿಲ್ಲ. ಕೇಬಲ್ ಕಿತ್ತು ಚುಚ್ಚಿದಳು. ಇಲ್ಲ. ಬೇರೆ ಕಿಂಡಿಗೆ ಚುಚ್ಚಿದಳು. ಇಲ್ಲ. ಗಂಡ ಪುನೀತನ ಕ್ಯಾಮೆರಾದ ಕೇಬಲ್ ತಂದು ಚುಚ್ಚಿದಳು. ಚಾರ್ಜ್ ಆಗುತ್ತದೆ, ಮಾತಾಡುವುದಿಲ್ಲ. ಉಣ್ಣುವುದಕ್ಕೆ ಬಾಯಿದೆ, ಉತ್ತರ ಹೇಳುವುದಕ್ಕಿಲ್ಲ! ಸಿಟ್ಟಿನಿಂದ ಸ್ಕೋಪನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಅದರ ಕಿಂಡಿಯೊಳಗೆ ಕಣ್ಣಿಟ್ಟಳು.

ಒಳಗೆ ಕೆಂಪಗಿತ್ತು.

"ಅತ್ತೆ," ಎಂದಳು ಶಿಲ್ಪ ನಿಧಾನವಾಗಿ, "ಆಯುಧಪೂಜೆ ದಿನ ಇದಕ್ಕೂ ಪೂಜೆ ಮಾಡಿದ್ರಾ?"

"ಮಾಡ್ದೆ ಬಿಡ್ತೀನಾ? ಸ್ಕೂಟ್ರು, ಮಿಕ್ಸಿ, ನಿನ್ ಕಂಪೂಟ್ರು ಎಲ್ಲಕ್ಕೂ ಮಾಡಿವ್ನಿ. ಅನ್ನ ಕೊಡೋ ಸಾಮಾನಲ್ವೇನಮ್ಮಿ ಅದು? ಮುಂದ್ಗಡೆ ಆಕಿದ್ರೆ ಗಾಜು ಕೊಳೆಯಾಯ್ತದೆ ಅಂತ ನೀನೇ ಬೈತೀಯ, ಅದ್ಕೆ ಕೆಳಗ್ಡೆ ವೈರ್ ಕಿತ್ರೆ ಸಣ್ಣ ತೂತೈತಲ್ಲ, ಅಲ್ಲಿ ಗಂಧ ತುಂಬಿ ಮೇಲೆ ಕುಂಕುಮ ಇಟ್ಟು, ವೈರ್ ತಿರ್ಗಾ ಚುಚ್ದೆ. ಅಚ್ಚುಕಟ್ಟಾಗಿ ಕೂತ್ಕೊಂತು."

ಬೇರೆ ಹೊತ್ತಿನಲ್ಲಾಗಿದ್ದರೆ ಶಿಲ್ಪ ಏನನ್ನುತ್ತಿದ್ದಳೋ. ಆ ಕ್ಷಣಕ್ಕೆ ಅವಳಿಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಯಾಕೆಂದರೆ ಯಂತ್ರ ಕೆಟ್ಟಿಲ್ಲ! ಕರೆಂಟು ಹೋಗುವ ಎರಡು ಅಂಚಿನ ತಂತಿಗಳು ಹೇಗೋ ತಾಗುತ್ತಿವೆ, ನಡುವಿನ ಮಾತಾಡುವ ತಂತಿಗಳ ಮೇಲೆ ಗಂಧ ಒಣಗಿ ಕೂತಿದೆ, ಅಷ್ಟೇ. ಚಾರ್ಜರು ಅದನ್ನು ಇನ್ನಷ್ಟು ಒತ್ತಿ ಗಟ್ಟಿ ಮಾಡಿದೆ. ಅವಳು ಸ್ಕೋಪನ್ನು ಆರಿಸಿದಳು. ಬೋರ್ಡ್ ಒರೆಸುವ ಸ್ಪಿರಿಟ್ಟಿನ ಬಾಟಲಿ, ಹಲ್ಲುಕಡ್ಡಿ, ಸೀರೆಯ ಚುಂಗಿನ ಒಂದೆಳೆ ನೂಲು.

"ದೇವ್ರಿಗಿಟ್ಟಿದ್ದು, ಕಾಲ್ಗ್ ತಾಗಂಗ್ ಎಸೀಬ್ಯಾಡ," ಎಂದು ದ್ರೌಪದಮ್ಮ ಆಚೆಯಿಂದ ಅಂಗೈ ಒಡ್ಡಿದರು. ಶಿಲ್ಪ ಕೆರೆದು ತೆಗೆದ ಕೆಂಪು ಪುಡಿಯನ್ನೆಲ್ಲ ಕಾಗದದಲ್ಲಿ ಮಡಿಸಿ ಆ ಕೈಗೆ ಕೊಟ್ಟಳು. ಅಂಥ ಆತುರದಲ್ಲೂ ಕೊಟ್ಟಳು.

ಕಿಂಡಿಗೆ ಊದಿ, ಸ್ಪಿರಿಟ್ಟು ಆರಲು ಬಿಟ್ಟು, ಮತ್ತೆ ಕೇಬಲ್ ಚುಚ್ಚಿದಳು. ಯುಪಿಎಸ್ಸಿನ ಗೋಳು ಈಗ ಬೇಗಬೇಗ ಬರತೊಡಗಿತ್ತು. ಕಂಪ್ಯೂಟರು ಟಿಡುಂಗ್ ಎಂದಿತು. ಪರದೆಯ ಮೇಲೆ ಹೊಸ ಡ್ರೈವು, ಅದರೊಳಗೆ ಸಾಲಾಗಿ ಚಿತ್ರಗಳು!

"ಬಂತು ಅತ್ತೆ! ಬಂತು, ಬಂತು!"

ಮೊದಲನೆಯದನ್ನು ತೆರೆದು ಪರದೆಯ ತುಂಬ ದೊಡ್ಡದು ಮಾಡಿದಳು. ಕೆಂಚಿಯ ಬಡಿತಗಳು ಗೋಪುರಗಳ ಹಾಗೆ ಎದ್ದು ನಿಂತಿದ್ದವು. ಅವುಗಳ ನಡುವೆ ಒಂದು ಪುಟ್ಟ ಉಬ್ಬು. ಒಂದಿದ್ದರೆ ಏನೂ ಹೇಳುವಂತಿಲ್ಲ, ಹಸು ಚರ್ಮ ಅದುರಿಸಿದರೂ ಅಷ್ಟು ಬರುತ್ತದೆ. ಮುಂದೆ ನೋಡಿದಳು. ಇನ್ನೊಂದು. ಮತ್ತೊಂದು. ಒಂದು ದೊಡ್ಡದರ ಹೆಗಲಿಗೇ ಹತ್ತಿ ಕೂತಿತ್ತು, ಆದರೆ ಇತ್ತು. ಎಲ್ಲದರ ನಡುವಿನ ಅಂತರ ಒಂದೇ. ತಾಯಿಯದಕ್ಕಿಂತ ಬೇಗ, ತಾಯಿಯ ಲಯಕ್ಕೆ ಕಿವಿಗೊಡದೆ, ತನ್ನದೇ ಲೆಕ್ಕದಲ್ಲಿ ಓಡುತ್ತಿತ್ತು. ಎರಡನೆಯ ಚಿತ್ರ ತೆರೆದಳು. ಅಲ್ಲೂ ಇತ್ತು, ಅದೇ ಅಂತರ. ಮೂರನೆಯದರಲ್ಲಿ ಬಾಲ ಬೀಸಿದ್ದರ ನೆಗೆತ ದಾಟಿದ ಮೇಲೆ ಅಲ್ಲೂ ಇತ್ತು.

ಗದ್ದಲಕ್ಕೆ ಈ ಶಿಸ್ತು ಬರುವುದಿಲ್ಲ.

ಅತ್ತೆಗೆ ಕೂಗಿ ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡಳು. ಡಾಕ್ಟರು ಹೇಳಲಿ. ತಾನು ಹೇಳಿ, ಆಮೇಲೆ ಅವರು ಅಲ್ಲವೆಂದರೆ ಅತ್ತೆಯ ಜೀವ ಇನ್ನೊಮ್ಮೆ ತಡೆಯುವುದಿಲ್ಲ. ಇಂಟರ್‌ನೆಟ್ಟಿನ ಡಾಂಗಲ್ ಚುಚ್ಚಿ, ಚಿತ್ರಗಳನ್ನು ಮೇಲಿಗೆ ಅಂಟಿಸಿ, ಕಳಿಸು ಎಂದು ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಯುಪಿಎಸ್ಸು ಎಡೆಬಿಡದೆ ಕಿರುಚತೊಡಗಿತು. "ಹೋಗೋ ಮಾರಾಯ, ಹೋಗೋ," ಎಂದು ಶಿಲ್ಪ ಆ ಚಕ್ರಕ್ಕೆ ಕೈಮುಗಿದಳು. ಹೋಯಿತು ಎಂಬ ಅಕ್ಷರ ಮೂಡಿತು. ಮರುಗಳಿಗೆಯಲ್ಲೇ ಎಲ್ಲ ಕತ್ತಲಾಯಿತು.

ಡಾಕ್ಟರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ನಾಲ್ಕಕ್ಕೆ ಇನ್ನು ಸ್ವಲ್ಪವೇ ಇತ್ತು. ದ್ರೌಪದಮ್ಮ ಕೊಟ್ಟಿಗೆಯಿಂದ ಒಳಗೆ ಬಂದು, ಬಾಗಿಲ ಪಕ್ಕ ಗೋಡೆಗೊರಗಿ ಕೂತರು. ಅಷ್ಟರಲ್ಲಿ ಕರೆಂಟು ಬಂತು. ಶಿಲ್ಪ ಕಂಪ್ಯೂಟರನ್ನು ಮತ್ತೆ ಎಬ್ಬಿಸಿ, ಚಿತ್ರವನ್ನು ತೆರೆದು ಕೂತಳು. ಸಣ್ಣ ಉಬ್ಬುಗಳನ್ನು ಕಣ್ಣಲ್ಲೇ ಹಿಡಿದಿಟ್ಟುಕೊಂಡರೆ ಅವು ಎಲ್ಲೂ ಹೋಗುವುದಿಲ್ಲ ಎಂಬಂತೆ ನೋಡುತ್ತಲೇ ಇದ್ದಳು.

ಫೋನು ಹೊಡೆದುಕೊಂಡಿತು. ಅವಳು ಸ್ಪೀಕರ್ ಹಾಕಿದಳು.

"ಶಿಲ್ಪಾ ಅವ್ರೇ, ನಾನು ಕ್ಲಾಸಲ್ಲಿದ್ದೆ. ಈಗ ನೋಡಿದೆ. ನಮ್ಮ ಮೇಷ್ಟ್ರಿಗೂ ತೋರಿಸ್ದೆ. ಅವ್ರು ಸ್ಕೇಲಿಟ್ಟು ಅಳೆದ್ರು." ಡಾಕ್ಟರ ದನಿ ಓಡಿಬಂದವರ ದನಿಯಂತಿತ್ತು. "ದ್ರೌಪದಮ್ಮ ಇದಾರಾ ಅಲ್ಲಿ?"

"ಇವ್ನಿ ಸೋಮಿ," ಎಂದರು ದ್ರೌಪದಮ್ಮ ಕೂತಲ್ಲಿಂದಲೇ.

"ಅಮ್ಮಾ, ಕರು ಬದುಕಿದೆ. ಗುಂಡಿಗೆ ಚೆನ್ನಾಗ್ ಓಡ್ತಿದೆ. ಇಂಜೆಕ್ಷನ್ ಇಲ್ಲ, ಏನೂ ಇಲ್ಲ. ಸಂಜೆ ನೋವಿನ ಔಷಧಿ ಮಾತ್ರ ತರ್ತೀನಿ. ಆಚೆ ಬಿಡಬೇಡಿ ಅವಳನ್ನ."

ದ್ರೌಪದಮ್ಮ "ಆಯ್ತು ಸೋಮಿ" ಎಂದು ಹೇಳಲು ಹೊರಟರು. ಮೊದಲ ಅಕ್ಷರ ದಾಟಲಿಲ್ಲ. ಎರಡು ದಿನದಿಂದ ತಡೆದದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂದು, ಇಡೀ ಗಲ್ಲಿಗೆ ಕೇಳುವ ಹಾಗೆ ಗೊಳೋ ಎಂದು ಅತ್ತರು. ಶಿಲ್ಪ ಓಡಿ ಹೋಗಿ ಅವರನ್ನು ತಬ್ಬಿ, ತಾನೂ ಅಳತೊಡಗಿದಳು. ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು, ಯಾವುದಕ್ಕೂ ಅಡ್ಡಿ ಮಾಡಲಿಲ್ಲ.

ಆ ಸದ್ದಿಗೆ ಎದುರುಮನೆಯ ರತ್ನಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅತ್ತೆ ಸೊಸೆ ತಬ್ಬಿಕೊಂಡು ಅಳುವುದನ್ನು ಬಾಗಿಲಲ್ಲೇ ಕಂಡಳು.

"ಓಯ್ತಾ ದ್ರೌಪದಕ್ಕ? ಅಯ್ಯೋ ಸಿವನೇ, ಓಗೇಬಿಡ್ತಾ?" ಎನ್ನುತ್ತಾ ಅವಳೂ ಕಣ್ಣಿಗೆ ಸೆರಗೊತ್ತಿಕೊಂಡಳು.

ದ್ರೌಪದಮ್ಮ ಅಲ್ಲವೆಂದು ತಲೆಯಾಡಿಸಿದರು. ರತ್ನಕ್ಕನ ರಟ್ಟೆ ಹಿಡಿದು ಕಂಪ್ಯೂಟರಿನ ಮುಂದೆ ಎಳೆತಂದು ನಿಲ್ಲಿಸಿದರು. ಆಮೇಲೆ ಶಿಲ್ಪಳ ಕಡೆ ತಿರುಗಿ ಯಾವುದು ಎಂದು ಕಣ್ಣಲ್ಲೇ ಕೇಳಿದರು. ಶಿಲ್ಪ ಅವರ ಬೆರಳನ್ನು ಹಿಡಿದು, ದೊಡ್ಡ ಗೋಪುರಗಳನ್ನು ದಾಟಿಸಿ, ಒಂದು ಪುಟ್ಟ ಉಬ್ಬಿನ ಮೇಲೆ ಇಟ್ಟಳು. ದ್ರೌಪದಮ್ಮ ಆ ಬೆರಳನ್ನು ತಾವೇ ಮುಂದಿನದಕ್ಕೆ ಜರುಗಿಸಿದರು. ಅದರ ಮುಂದಿನದಕ್ಕೆ. ಹೆಗಲ ಮೇಲೆ ಕೂತಿದ್ದದ್ದನ್ನೂ ಬಿಡಲಿಲ್ಲ.

"ಇಲ್ ನೋಡೇ," ಎಂದರು ಕೊನೆಗೆ, ಗದ್ಗದದ ನಡುವೆ. "ಐತೆ ಕಣೇ ರತ್ನಿ. ಒಳ್ಗೇ ಕುಂತೈತೆ. ಬಡ್ಕೊಂತೈತೆ ನೋಡು, ಬಡ್ಕೊಂತೈತೆ!"